ಸಕ್ಕರೆ ಕುಸಿದಾಗ ಮನೆಯವರು: ಕೃಷ್ಣಾ–ಘಟಪ್ರಭಾ ತೀರದ ನಾಲ್ಕು ತಾಲ್ಲೂಕುಗಳ ಕುರಿತು ಒಂದು ಟಿಪ್ಪಣಿ

ಮಧುಮೇಹಿಯ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದರೆ ಮೊದಲ ಹಂತದ ಕುಸಿತ, 54ಕ್ಕಿಂತ ಇಳಿದರೆ ಎರಡನೆಯದು. ಮೂರನೆಯ ಹಂತವಾದ ತೀವ್ರ ಕುಸಿತಕ್ಕೆ ಅಂಕಿಯ ಗಡಿ ಇಲ್ಲ. ರೋಗಿಗೆ ಮಂಕು ಕವಿದು, ಚೇತರಿಸಿಕೊಳ್ಳಲು ಇನ್ನೊಬ್ಬರ ಕೈಯೇ ಬೇಕಾದರೆ ಅದು ತೀವ್ರ ಕುಸಿತ. ಆ ಇನ್ನೊಬ್ಬರು ಹೆಚ್ಚಾಗಿ ಹೆಂಡತಿ, ಸೊಸೆ, ಇಲ್ಲವೇ ಮಕ್ಕಳು. ಔಷಧ ಬರೆಯುವಾಗ ಅವರನ್ನೂ ಎದುರಿಗೆ ಕೂರಿಸಿಕೊಂಡು ತಿಳಿಹೇಳದಿದ್ದರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ ಎಂಬುದು ಈ ಟಿಪ್ಪಣಿಯ ವಾದ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ದುಡಿಮೆಯ ಹೊತ್ತು ಊಟದ ಹೊತ್ತನ್ನು ಕಾಯುವುದಿಲ್ಲ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂದರೆ ಕಬ್ಬಿಗೆ ನೀರು ಹಾಯಿಸಲು ರಾತ್ರಿಯೇ ಹೋಗಬೇಕು. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಕಟಾವಿನ ಗ್ಯಾಂಗಿಗೆ ಬಿಡುವಿಲ್ಲ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ನೇಯ್ದ ಸೀರೆಯ ಲೆಕ್ಕದ ಮೇಲೆ ಕೂಲಿ ಸಿಗುವುದರಿಂದ, ‘ಇದೊಂದು ಮುಗಿಸಿ ಉಣ್ತೀನಿ’ ಎನ್ನುವುದು ರೂಢಿ. ಬೆಳಗಿನ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತನ್ನ ಕೆಲಸ ನಿಲ್ಲಿಸದು. ಅದರ ಮೇಲೆ, ಹಗಲೆಲ್ಲ ದುಡಿದ ಸ್ನಾಯುಗಳು ರಾತ್ರಿಯೂ ಗ್ಲೂಕೋಸನ್ನು ಹೀರುತ್ತಲೇ ಇರುತ್ತವೆ. ಹೊಲದಲ್ಲಿ ಚೆನ್ನಾಗಿಯೇ ಇದ್ದವರು ನಡುರಾತ್ರಿ ಬೆವರಿ ನರಳಲು ಇದೂ ಒಂದು ಕಾರಣ. ಶ್ರಾವಣ ಸೋಮವಾರದ ಉಪವಾಸ, ಏಕಾದಶಿ, ಖಾಲಿ ಹೊಟ್ಟೆಯ ಮದ್ಯ ಈ ಅಪಾಯವನ್ನು ಹೆಚ್ಚಿಸುತ್ತವೆ.

ಔಷಧದ ಬಗೆಯೂ ಮುಖ್ಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ತೀವ್ರ ಕುಸಿತ ಅಪರೂಪ. ಇನ್ಸುಲಿನ್ ಮತ್ತು ಸಲ್ಫೊನೈಲ್‌ಯೂರಿಯಾ ಮಾತ್ರೆಗಳಲ್ಲಿ ಅಪಾಯ ಹೆಚ್ಚು. ಈ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನ ಪರಿಣಾಮ ದೀರ್ಘಕಾಲದ್ದು, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ದೀರ್ಘ. ಅರವತ್ತು ದಾಟಿದವರಿಗೆ ಇದು ತಕ್ಕುದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಎಚ್ಚರಿಸಿದೆ. ಇಂಥ ಮಾತ್ರೆಯಿಂದಾದ ಕುಸಿತದಲ್ಲಿ ಸಕ್ಕರೆ ನೀರಿಗೆ ಎದ್ದು ಕುಳಿತವರೂ ಕೆಲವು ತಾಸುಗಳಲ್ಲಿ ಮತ್ತೆ ಕುಸಿಯಬಹುದು. ಆದ್ದರಿಂದ ‘ಆರಾಮಾತು’ ಎಂದು ಮನೆಯಲ್ಲೇ ಮಲಗಿಸದೆ ಆಸ್ಪತ್ರೆಯಲ್ಲಿ ನಿಗಾ ವಹಿಸಬೇಕು.

ಮನೆಯೊಳಗಿನ ಪೆಟ್ಟು ಆ ಕ್ಷಣಕ್ಕೇ ಮುಗಿಯುವುದಿಲ್ಲ. ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಸೌಮ್ಯ ಸ್ವಭಾವದವರೂ ಬೈಯಬಹುದು, ಕೊಟ್ಟ ಲೋಟವನ್ನು ತಳ್ಳಿಬಿಡಬಹುದು. ನೋಡಿದವರು ಕುಡಿದಿದ್ದಾರೆಂದು ಭಾವಿಸುತ್ತಾರೆ. ಬೆಳಗಾದರೆ ರೋಗಿಗೆ ಏನೂ ನೆನಪಿರದು, ಹೆಂಡತಿಗೆ ಎಲ್ಲವೂ ನೆನಪಿರುತ್ತದೆ. ಅಂದಿನಿಂದ ಅವಳಿಗೆ ಗಾಢನಿದ್ದೆ ಇಲ್ಲ. ರಾತ್ರಿ ಎದ್ದೆದ್ದು ಗಂಡನ ಹಣೆ ಮುಟ್ಟಿ ನೋಡುತ್ತಾಳೆ. ಒಂದು ರೊಟ್ಟಿ ಹೆಚ್ಚು ಬಡಿಸುವುದು, ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮಾಡುವುದು ಶುರುವಾಗುತ್ತದೆ. ಹೀಗೆ ಏರಿಯೇ ಉಳಿದ ಸಕ್ಕರೆ ವರ್ಷಗಳುದ್ದಕ್ಕೂ ಕಣ್ಣು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಇನ್ನೊಂದೆಡೆ, ಮನೆಯ ಯಜಮಾನನನ್ನು ಒಬ್ಬನೇ ಹೊಲಕ್ಕೆ ಹೋಗಬೇಡ, ಬೈಕ್ ಮುಟ್ಟಬೇಡ ಎಂದು ತಡೆದರೆ ಅವನ ಮಾನಕ್ಕೆ ಕುಂದು ಬಂದಂತಾಗಿ ಜಗಳವೇಳುತ್ತದೆ. ಗಂಡ ನೇಯುವ, ಹೆಂಡತಿ ಕಂಡಿಕೆ ಸುತ್ತುವ ಮನೆಯಲ್ಲಿ ಒಬ್ಬರು ಮಲಗಿದರೆ ಇಬ್ಬರ ದುಡಿಮೆಯೂ ನಿಲ್ಲುತ್ತದೆ.

ಈ ಭಯಕ್ಕೆ ಆಧಾರವಿದೆ. ಅಮೆರಿಕ ಮತ್ತು ಕೆನಡಾಗಳ 1,441 ಟೈಪ್ 1 ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ, ಸಕ್ಕರೆಯ ಬಿಗಿ ನಿಯಂತ್ರಣದ ಗುಂಪಿನಲ್ಲಿ ತೀವ್ರ ಕುಸಿತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಭಾರತವೂ ಸೇರಿದಂತೆ 17 ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಡಾನ್-2 ಸಮೀಕ್ಷೆ ಮನೆಯವರನ್ನೇ ಮಾತಾಡಿಸಿತು, ಶೇ. 61.3ರಷ್ಟು ಮಂದಿ ಸಕ್ಕರೆ ಕುಸಿತದ ಚಿಂತೆಯಲ್ಲಿದ್ದರು. ಮತ್ತೆ ಮತ್ತೆ ಕುಸಿದವರಲ್ಲಿ ನಡುಕ, ಎದೆಬಡಿತದಂಥ ಮುನ್ಸೂಚನೆಗಳು ಮೊಂಡಾಗುತ್ತವೆ ಎಂಬುದೂ ಸ್ಥಾಪಿತ ಸಂಗತಿ. ಆಗ ರೋಗಿಗಿಂತ ಮೊದಲು ಮನೆಯವರಿಗೇ ಅದು ಗೊತ್ತಾಗಬೇಕು.

ಕಬ್ಬು, ಬೆಲ್ಲದ ಈ ಸೀಮೆಯಲ್ಲಿ ತಕ್ಷಣದ ಮದ್ದು ಪ್ರತಿ ಮನೆಯಲ್ಲೂ ಇದೆ, ಬೇಕಾದದ್ದು ತಿಳಿವಳಿಕೆ. ಎಚ್ಚರವಿದ್ದು ನುಂಗಬಲ್ಲವರಿಗೆ ಸುಮಾರು 15 ಗ್ರಾಂ, ಅಂದರೆ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕೊಡಬೇಕು; 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು; ಆಮೇಲೆ ಊಟ. ಪೇಡೆ, ಚಾಕೊಲೇಟ್‌ಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಿಸುತ್ತದೆ. ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಹನಿಯನ್ನೂ ಹಾಕಬಾರದು: ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಊರಿಂದ ದೂರದ ತೋಟದ ಮನೆಯಲ್ಲಿ ಇರುವವರು ದಾರಿಯ ಗುರುತನ್ನು ಫೋನಿನ ಹತ್ತಿರವೇ ಬರೆದಿಡುವುದು ಒಳ್ಳೆಯದು. ವೈದ್ಯರು ಗ್ಲುಕಗಾನ್ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದನ್ನು ಮನೆಯವರೂ ಕೊಡಬಹುದು.

ಈ ತಾಲ್ಲೂಕುಗಳಲ್ಲಿ ಸಕ್ಕರೆ ಕುಸಿತವನ್ನು ಅಧ್ಯಯನ ಮಾಡುವವರು ಬರೀ ಅಂಕಿಗೆ ನಿಲ್ಲದೆ ಐದು ಪ್ರಶ್ನೆ ಕೇಳಬೇಕು: ಕುಸಿತ ಯಾವ ಹೊತ್ತಿಗಾಯಿತು, ಹಿಂದಿನ ಊಟ ಯಾವಾಗ, ಅಂದಿನ ಕೆಲಸ ಏನು, ಮದ್ದು ಯಾವುದು, ಮೊದಲು ಕಂಡವರು ಯಾರು? ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಇದನ್ನು ಹೆಂಡತಿ ಅಥವಾ ಸೊಸೆಯ ಬಾಯಿಂದಲೇ ಕೇಳಿ ಬರೆದುಕೊಂಡರೆ, ಮದ್ದನ್ನು ದುಡಿಮೆಗೂ ಊಟಕ್ಕೂ ಹೊಂದಿಸಲು ವೈದ್ಯರಿಗೆ ಆಧಾರ ಸಿಗುತ್ತದೆ. ಕದ್ದು ಮಾತ್ರೆ ಮುರಿಯುವ ಬದಲು ಹೆಂಡತಿ ವೈದ್ಯರ ಮುಂದೆಯೇ ತನ್ನ ಭಯ ಹೇಳಿಕೊಳ್ಳಬಲ್ಲಳು.