ಕೋಡಿ ಕಾಣಲು 89 ವರ್ಷ

ಪಾವಗಡ ತಾಲ್ಲೂಕಿನ ತಿರುಮಣಿಯವರಿಗೆ ರಜೆಯಲ್ಲಿ ಕಣ್ತುಂಬ ನೀರು ನೋಡುವ ಆಸೆಯಾದರೆ ಹಿರಿಯೂರಿನ ಮಾರಿಕಣಿವೆಗೆ ಹೋಗಬೇಕು. ತಿರುಮಣಿಯದು ಬಿಸಿಲ ನಾಡು. ಆ ಬಿಸಿಲೇ ಈಗ ಅಲ್ಲಿನ ಸೋಲಾರ್ ಪಾರ್ಕಿಗೆ ಬಂಡವಾಳ.

ಜಗತ್ತಿನ ಪ್ರವಾಸಿಗರು ಮುಗಿಬೀಳುವ ಇಟಲಿಯ ಕೋಮೊ ಸರೋವರ ಹಿಮನದಿ ಕೊರೆದ ತಗ್ಗು. ಮಾರಿಕಣಿವೆಯ ಜಲಾಶಯ ಬರಕ್ಕೆ ಹೆದರಿದ ಮನುಷ್ಯರ ಕೆಲಸ. ವೇದಾವತಿ ನದಿ ಎರಡು ಬೆಟ್ಟಗಳ ನಡುವೆ ನುಸುಳುವ ಇಕ್ಕಟ್ಟಿನಲ್ಲಿ 1898ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಆಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್; ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ನೋಡುತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ. ಅವರ ಬಿರುದಿನಿಂದಲೇ ಇದಕ್ಕೆ ವಾಣಿವಿಲಾಸ ಸಾಗರವೆಂಬ ಹೆಸರು. ಕೆಲಸ ಮುಗಿದದ್ದು 1907ರಲ್ಲಿ.

ಕಟ್ಟುವುದೇನೋ ಆಯಿತು, ತುಂಬಬೇಕಲ್ಲ! 30 ಟಿಎಂಸಿ ಹಿಡಿಯುವ ಒಡಲು. ವೇದಾವತಿಯೋ ವರ್ಷವಿಡೀ ಹರಿಯುವ ನದಿಯಲ್ಲ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಜ್ಜ ಕಂಡದ್ದನ್ನು ಮೊಮ್ಮಗ ಕಾಣಲು 89 ವರ್ಷ ಬೇಕಾಯಿತು. ಅಷ್ಟರಲ್ಲಿ, 2019ರಿಂದ, ಭದ್ರಾ ನೀರೂ ಬರತೊಡಗಿತ್ತು. 2025ರ ಜನವರಿಯಲ್ಲಿ ಮೂರನೆಯ ಬಾರಿ ಕೋಡಿ ಹರಿಯಿತು.

ಪ್ರವಾಸ ಹೊರಡುವವರಿಗೆ ಮಳೆಗಾಲ ಮುಗಿದ ತಿಂಗಳುಗಳೇ ಲೇಸು. ಅಣೆಕಟ್ಟೆಯ ಮೇಲಿನ ಮಂಟಪಗಳನ್ನೂ ಕಣಿವೆ ಮಾರಮ್ಮನ ಗುಡಿಯನ್ನೂ ನೋಡಿ, ಪಕ್ಕದ ಬೆಟ್ಟ ಹತ್ತಬಹುದು. ಅಲ್ಲಿಂದ ಜಲಾಶಯ ಭಾರತದ ನಕ್ಷೆಯಂತೆ ಕಾಣುತ್ತದೆ ಎನ್ನುತ್ತಾರೆ, ನೀರಿದ್ದರೆ.