ಕುಡಿಯುವ ನೀರಿನಲ್ಲಿ ಪ್ಲಾಸ್ಟಿಕ್ ಕಣಗಳು

ಇಗತಪುರಿಯ ಬಳಿಯ ಅಪ್ಪರ್ ವೈತರಣಾ ಜಲಾಶಯವು ಮುಂಬಯಿಗೆ ನೀರೊದಗಿಸುವ 7 ಜಲಾಶಯಗಳಲ್ಲಿ ಒಂದು. ಅಲ್ಲಿನ ಘಟ್ಟಗಳಲ್ಲಿ ಸುರಿದ ಮಳೆಯೇ ಶುದ್ಧೀಕರಣಗೊಂಡು ನಮ್ಮ ಮನೆಗಳ ನಲ್ಲಿಗಳನ್ನು ತಲುಪುತ್ತದೆ. ಆದುದರಿಂದ ಘಟ್ಟದಲ್ಲಿ ಬಿದ್ದ ಪ್ಲಾಸ್ಟಿಕ್ಕಿನ ವಿಚಾರ ನಮಗೆ ದೂರದ ಮಾತಲ್ಲ.

ಬಿಸಿಲು ಮತ್ತು ಸವೆತಗಳಿಂದ ಪ್ಲಾಸ್ಟಿಕ್ ಒಡೆದು ಚೂರಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. 5 ಮಿಲಿಮೀಟರಿಗಿಂತ ಕಿರಿದಾದ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದೂ, ಅವುಗಳಲ್ಲಿ 1 ಮೈಕ್ರಾನಿಗಿಂತ ಸಣ್ಣವಾದವುಗಳಿಗೆ ನ್ಯಾನೋಪ್ಲಾಸ್ಟಿಕ್ ಎಂದೂ ಹೆಸರು. 2004ರಲ್ಲಿ ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಿಂದ ಈ ವಿಷಯ ಜಗತ್ತಿನ ಗಮನ ಸೆಳೆಯಿತು.

ಈ ಕಣಗಳು ರಾಸಾಯನಿಕಗಳ ವಾಹಕಗಳೂ ಹೌದು. ತಯಾರಿಕೆಯಲ್ಲಿ ಬೆರೆಸಿದ ಥ್ಯಾಲೇಟ್‌ನಂತಹ ವಸ್ತುಗಳು ಅವುಗಳಲ್ಲಿರುತ್ತವೆ. ನೀರಿನಲ್ಲಿ ಸುಲಭವಾಗಿ ಕರಗದ ಡಿಡಿಟಿ, ಪಿಸಿಬಿ ಮುಂತಾದ ಮಾಲಿನ್ಯಕಾರಕಗಳು ಹೊರಗಿನಿಂದ ಬಂದು ಅಂಟಿಕೊಳ್ಳುತ್ತವೆ. ಕಣ ಕಿರಿದಾದಷ್ಟೂ ಅದೇ ತೂಕದ ಪ್ಲಾಸ್ಟಿಕ್ಕಿಗೆ ಅಂಟುವ ಮೇಲ್ಮೈ ಹೆಚ್ಚುತ್ತದೆ.

ಬಾಟಲಿಯ ನೀರು ಇದಕ್ಕೆ ಪರಿಹಾರವಲ್ಲ. 2024ರಲ್ಲಿ ಪ್ರಕಟವಾದ ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಯನವು ಅಮೆರಿಕದಲ್ಲಿ ಮಾರಾಟವಾಗುವ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಕಂಡಿತು. ಅವುಗಳಲ್ಲಿ ಶೇಕಡಾ 90ರಷ್ಟು ನ್ಯಾನೋ ಗಾತ್ರದವು. ಆರೋಗ್ಯದ ಮೇಲಿನ ಪರಿಣಾಮವನ್ನು ನಿರ್ಣಯಿಸಲು ಇನ್ನಷ್ಟು ಸಂಶೋಧನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ಗಾಬರಿ ಅನಗತ್ಯ, ಎಚ್ಚರಿಕೆ ಅಗತ್ಯ.

ನೀರನ್ನು ಸ್ಟೀಲ್ ಅಥವಾ ತಾಮ್ರದ ಪಾತ್ರೆಯಲ್ಲಿ ತುಂಬಿಡೋಣ. ಬಿಸಿ ಪದಾರ್ಥವನ್ನು ಪ್ಲಾಸ್ಟಿಕ್ಕಿಗೆ ಹಾಕದಿರೋಣ. ಮಳೆಗಾಲದಲ್ಲಿ ಇಗತಪುರಿಗೆ ವಿಹಾರಕ್ಕೆ ಹೋದಾಗ, ಕೊಂಡೊಯ್ದ ಬಾಟಲಿ, ಚೀಲಗಳನ್ನು ಮರಳಿ ತರೋಣ. ಅಲ್ಲಿ ಎಸೆದದ್ದು ನಮ್ಮ ಲೋಟಕ್ಕೇ ಹಿಂತಿರುಗಬಹುದು.