ಬಂದೂಕು ಯಾರ ಮನ್ಯಾಗ?

ಹೋದ ವರ್ಷ ದೀಪಾವಳಿ ಹೊತ್ತಿಗೆ ಡಲ್ಲಾಸ್‌ನಲ್ಲಿರುವ ನನ್ನ ದೋಸ್ತ ವಾಟ್ಸಾಪ್‌ನಲ್ಲಿ ಮೂರು ಫೋಟೋ ಕಳಿಸಿದ. ಮೂರೂ ಬಂದೂಕಿನವು. ಕೆಳಗೆ ಒಂದೇ ಸಾಲು: "ಮನಿಗೆ ಒಂದು ತಗೋಬೇಕಂತ ಮಾಡೀನಿ. ಯಾವುದು ಛಲೋ ನೋಡಿ ಹೇಳಲೇ." ಕಲಬುರಗಿಯಲ್ಲಿ ಬಿ.ಇ. ಓದುವಾಗ ಲ್ಯಾಪ್‌ಟಾಪ್ ತಗೊಳ್ಳಲಿಕ್ಕೂ ಹೀಗೇ ಕೇಳಿದ್ದ. ಊರಲ್ಲಿ ಯಾರೇ ಏನೇ ಕೊಳ್ಳಲಿ, ಸಾಫ್ಟ್‌ವೇರ್ ಹುಡುಗನಿಗೆ ಎಲ್ಲಾ ಗೊತ್ತಿರುತ್ತೆ ಅನ್ನುವ ನಂಬಿಕೆ ಅದು.

ಅವನು ನೋಡುತ್ತಿದ್ದದ್ದು ಪಿಸ್ತೂಲಿನ ತೋಟಾ ಹಾಕುವ ಕಾರ್ಬೈನ್. ನಳಿಗೆ ಉದ್ದ, ಹೆಗಲಿಗೆ ಆನಿಸಿ ಹಿಡಿಯಬಹುದು, ಆದರೆ ಒಳಗೆ ಹೋಗುವುದು ರೈಫಲ್ಲಿನ ದೊಡ್ಡ ತೋಟಾ ಅಲ್ಲ, 9 ಮಿ.ಮೀ. ಪಿಸ್ತೂಲಿನದು. ಒದೆತ ಕಡಿಮೆ, ಗುರಿ ಸುಲಭ, ಪಿಸ್ತೂಲಿಗೂ ಇದಕ್ಕೂ ಒಂದೇ ಡಬ್ಬಿಯ ತೋಟಾ. ಐಡಿಯಾ ಹಳೇದು. 1873ರ ವಿಂಚೆಸ್ಟರ್ ರೈಫಲ್ಲಿನ ತೋಟಾಕ್ಕೆ ಹೊಂದುವಂತೆ ಕೋಲ್ಟ್ ಕಂಪನಿ ಮುಂದೆ ರಿವಾಲ್ವರನ್ನೇ ತಯಾರಿಸಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಅಗ್ಗದ ಸ್ಟೆನ್ ಗನ್ ಕೂಡ 9 ಮಿ.ಮೀ. ತೋಟಾದ್ದೇ. ನಮ್ಮ ಪೊಲೀಸರ ಹೆಗಲ ಮೇಲೆ ನೋಡಿದ ಹಳೇ ಕಾರ್ಬೈನ್ ಇದೇ ಮನೆತನದ್ದು.

ದೋಸ್ತನಿಗೆ ಇನ್ನೊಂದು ಚಿಂತೆ ಇತ್ತು. ಅಲ್ಲಿನ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆಯದು. 9 ಮಿ.ಮೀ. ಗುಂಡು ಅಂಥ ಗೋಡೆ ಒಂದಲ್ಲ, ಹಲವು ದಾಟುತ್ತದೆ. ಪಕ್ಕದ ಕೋಣೆಯಲ್ಲಿ ಆರು ವರ್ಷದ ಮಗ ಮಲಗಿರ್ತಾನೆ.

ಎಕ್ಸೆಲ್ ಶೀಟು ತೆರೆದು ಅರ್ಧ ತುಂಬಿದ್ದೆ. ಅಷ್ಟರಲ್ಲಿ ಊರಿಂದ ಅಪ್ಪನ ಫೋನು. ನಮ್ಮೂರು ಯಡ್ರಾಮಿ ಹತ್ತಿರ, 2018ರ ತನಕ ಜೇವರ್ಗಿ ತಾಲ್ಲೂಕಿನಲ್ಲಿತ್ತು. ಓಣಿಯಲ್ಲಿ ಎರಡು ಮನೆ ಕಳುವಾಗಿದ್ದವು. ನಮ್ಮ ಹೊಲದ ಮನೆಯಿಂದ ಆರು ಚೀಲ ತೊಗರಿ ಹೋಗಿತ್ತು. "ಒಂದು ಬಂದೂಕಿಂದು ಲೈಸೆನ್ಸ್ ಮಾಡ್ಸಿಕೊಡು ತಮ್ಮಾ" ಅಂದ ಅಪ್ಪ. ಒಂದೇ ತಿಂಗಳಲ್ಲಿ ಇಬ್ಬರೂ ಒಂದೇ ಪ್ರಶ್ನೆ ಕೇಳಿದ್ದರು. ದೋಸ್ತನಿಗೆ ಯಾವುದನ್ನು ಆರಿಸಬೇಕು ಅನ್ನುವುದೊಂದೇ ತಲೆಬಿಸಿ. ಅಪ್ಪನ ವಿಷಯದಲ್ಲಿ ಮೊದಲು ಯಾರೋ ಅಪ್ಪನನ್ನು ಆರಿಸಬೇಕು. ಆ ಫರಕು ಎಲ್ಲಿಂದ ಬಂತು ಅಂತ ನೋಡಲು ಹೋಗಿ ನಾನು ಚರಿತ್ರೆಯಲ್ಲಿ ಸಿಕ್ಕಿಕೊಂಡೆ.

ನಮ್ಮ ಕಡೆಗೆ ಬಂದೂಕು ಹೊಸದಲ್ಲ. ಯಡ್ರಾಮಿಯಿಂದ ದಕ್ಷಿಣಕ್ಕೆ ಹೋದರೆ ಸುರಪುರ ಸೀಮೆ. 1705ರಲ್ಲಿ ಔರಂಗಜೇಬ ತನ್ನ ಎಂಬತ್ತು ದಾಟಿದ ವಯಸ್ಸಿನಲ್ಲಿ ಖುದ್ದಾಗಿ ಬಂದು ಮುತ್ತಿಗೆ ಹಾಕಿದ್ದು ಅಲ್ಲಿನ ವಾಗಣಗೇರಾ ಕೋಟೆಗೆ. ಅವನ ಕೊನೆಯ ಮುತ್ತಿಗೆ ಅದು. ಎದುರಿಗಿದ್ದವರು ಪಿಡ್ಡನಾಯಕನ ಬೇಡರು. ಬತ್ತಿ ಹಚ್ಚಿ ಹಾರಿಸುವ ಬಂದೂಕಿನಲ್ಲಿ ಅವರ ಗುರಿ ದೊಡ್ಡ ಹೆಸರು ಮಾಡಿತ್ತು. ಕೋಟೆ ಬಿತ್ತು, ನಾಯಕ ತಪ್ಪಿಸಿಕೊಂಡ. ಆದರೆ ಆ ಬಂದೂಕು ಮನೆಮನೆಯ ರಕ್ಷಣೆಯ ಸಾಮಾನಲ್ಲ, ಪಡೆಯದ್ದು. ಮನೆ ಕಾಯಲು ಊರುಗಳು ಕಟ್ಟಿಕೊಂಡದ್ದು ಬೇರೆ: ಅಗಸಿ, ಹುಡೇವು, ಗೌಡರ ವಾಡೆ. ಈಗಲೂ ನಮ್ಮ ಕಡೆ ಹಳೇ ಊರು ಹೊಕ್ಕರೆ ಅರ್ಧ ಕುಸಿದ ಹುಡೇವು ಕಾಣುತ್ತೆ, ಮೇಲುಗಡೆ ಬಂದೂಕಿನ ನಳಿಗೆ ತೂರುವಷ್ಟು ಕಂಡಿ. ರಾತ್ರಿ ಅಗಸಿ ಮುಚ್ಚಿದರೆ ಇಡೀ ಊರಿಗೆ ಒಂದೇ ಬಾಗಿಲು.

ಇದೆಲ್ಲ ತಿರುಗಿದ್ದು 1857ರಲ್ಲಿ. ಉತ್ತರದಲ್ಲಿ ಸಿಪಾಯಿಗಳು ಎದ್ದ ಮೇಲೆ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡೋದಿಲ್ಲ ಅಂದರು. ಬೇಟೆ, ಕಾವಲು ಇವೇ ಬದುಕಾಗಿದ್ದವರಿಗೆ ಆಯುಧ ಕೊಡುವುದೆಂದರೆ ಕಸುಬು ಕೊಟ್ಟಂತೆ. ನವೆಂಬರ್ ಕೊನೆಗೆ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಹತ್ತನೇ ಕ್ಲಾಸಿನಲ್ಲಿ ಇದರ ಲಾವಣಿ ಓದಿದವರಿಗೆ ನೆನಪಿರುತ್ತೆ. ನಾವು ಅದನ್ನು ಕಂಠಪಾಠ ಮಾಡಿ ಮಾರ್ಕ್ಸ್ ತಗೊಂಡೆವು. ಅದು ಲೈಸೆನ್ಸಿನ ಜಗಳ ಅಂತ ನನಗೆ ಹೊಳೆದದ್ದು ಈಗ, ಅಪ್ಪನ ಅರ್ಜಿ ತುಂಬುವಾಗ.

ಮರುವರ್ಷ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕ ಎದ್ದ. ಸೋತ, ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದ. ಚಿಕ್ಕಂದಿನಲ್ಲಿ ಅವನನ್ನು ಬೆಳೆಸಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಮುಂದಿನದನ್ನು ಬರೆದಿದ್ದಾನೆ. ಜೈಲಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿ ಬಿಚ್ಚಿಟ್ಟ ರಿವಾಲ್ವರಿನಿಂದ ರಾಜ ತಾನೇ ಗುಂಡು ಹಾರಿಸಿಕೊಂಡ, ಅಂತ. ಸುರಪುರದ ಕಡೆ ಇದನ್ನು ನಂಬದವರೇ ಹೆಚ್ಚು, ಕೊಂದರು ಅನ್ನುತ್ತಾರೆ. ನನಗಂತೂ ಆ ರಿವಾಲ್ವರೇ ಕಣ್ಣಿಗೆ ಕಟ್ಟುತ್ತೆ. ಮುನ್ನೂರು ಊರಿನ ಬಂದೂಕು ಕಸಿದವರ ಸೊಂಟದಿಂದ ಬಿಚ್ಚಿ ಕುರ್ಚಿಗೆ ತೂಗುಹಾಕಿದ್ದ ಒಂದು ಸಣ್ಣ ಆಯುಧ! ಮುನ್ನೂರು ಅಂದದ್ದು ಲೆಕ್ಕ ಅಲ್ಲ, ಸಿಟ್ಟು.

ಇದಾಗಿ ಮೂರೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡಗಿನವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕಷ್ಟಕಾಲದಲ್ಲಿ ನಿಷ್ಠೆ ತೋರಿದ್ದಕ್ಕೆ ಬಹುಮಾನ. ಇವತ್ತಿಗೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸು ಬೇಡ. 2019ರಲ್ಲಿ ಕೇಂದ್ರ ಅದನ್ನು 2029ರ ತನಕ ಮುಂದುವರಿಸಿದೆ. ಕೊಡಗಿನ ನನ್ನ ಟೀಮ್‌ಮೇಟ್ ಒಬ್ಬ ಕೋವಿಪೂಜೆಯ ಫೋಟೋ ಹಾಕಿದಾಗ ನನಗೆ ಹೊಟ್ಟೆಕಿಚ್ಚು ಅಂತಲ್ಲ, ಹಲಗಲಿ ನೆನಪಾಗುತ್ತೆ. 1878ರ ಆಯುಧ ಕಾಯ್ದೆ ಬಂದಾಗಲೂ ಇದೇ ಕತೆ. ಭಾರತದವನಿಗೆ ಲೈಸೆನ್ಸು ಬೇಕು, ಯುರೋಪಿನವನಿಗೆ ವಿನಾಯಿತಿ.

ನಮ್ಮ ಸೀಮೆ ಮಾತ್ರ ನಿಜಾಮನದು. 1948ರ ಹೊತ್ತಿಗೆ ಬಂದೂಕು ರಾತ್ರಿ ವಿಮಾನದಲ್ಲಿ ಬರುತ್ತಿತ್ತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ಹೈದರಾಬಾದ್ ಸಂಸ್ಥಾನಕ್ಕೆ ಕಳ್ಳಸಾಗಣೆ ನಡೆಸಿದ್ದ. ಇಳಿಯುತ್ತಿದ್ದ ಜಾಗಗಳಲ್ಲಿ ಬೀದರೂ ಒಂದು. ಹಳ್ಳಿಗಳಲ್ಲಿ ಕಾಸಿಂ ರಜ್ವಿಯ ರಜಾಕಾರರು. ಆ ಮೇ ತಿಂಗಳಲ್ಲಿ ಗೋರ್ಟಾದ ಹತ್ಯಾಕಾಂಡ ನಡೆಯಿತು.

ನಮ್ಮ ಆಯಿ ಆಗ ಹನ್ನೆರಡು ವರ್ಷದಾಕೆ. ರಜಾಕಾರರ ಕತೆಯನ್ನು ಆಕೆ ಎಲ್ಲರಿಗೂ ಹೇಳುತ್ತಿದ್ದಳು. ಹೊತ್ತು ಮುಳುಗೋಕೆ ಮುಂಚೆ ಅಗಸಿ ಹಾಕೋದು, ಜೋಳ ಹಗೇವಿನಲ್ಲಿ ಮುಚ್ಚೋದು, ಮಾಳಿಗಿ ಮ್ಯಾಲೆ ಕಲ್ಲು ಗುಡ್ಡೆ ಹಾಕಿಕೊಂಡು ಹೆಣ್ಣುಮಕ್ಕಳು ಕೂಡೋದು. ಆ ಕತೆ ಸೆಪ್ಟೆಂಬರ್ 17ಕ್ಕೆ, ಸೈನ್ಯ ಬಂತು ಅನ್ನುವಲ್ಲಿ ಮುಗಿಯುತ್ತಿತ್ತು. ಅದರ ಮುಂದಿನದನ್ನು ಹೇಳಿದ್ದು ಒಂದೇ ಸಲ, ನಾನು ಕಾಲೇಜಿಗೆ ಹೋಗುವ ಹಿಂದಿನ ರಾತ್ರಿ.

ಸೈನ್ಯ ಬಂದ ಮೇಲೆ ಬಂದೂಕು ಕೈ ಬದಲಾಯಿಸಿತು. ಓಣಿಯ ಪಿಂಜಾರರ ಮನೆಯವರು, ಎರಡು ಮಕ್ಕಳು ಸೇರಿ ಐದು ಜನ, ನಾಲ್ಕು ರಾತ್ರಿ ನಮ್ಮ ಮನೆಯ ಒಳಕೋಣೆಯಲ್ಲಿ ಜೋಳದ ಚೀಲದ ಹಿಂದೆ ಕೂತಿದ್ದರಂತೆ. ಅವರೆಂದೂ ರಜಾಕಾರರ ಸಂಗಡ ಹೋದವರಲ್ಲ, ಗಾದಿ ಹೊಲಿಯುವವರು. "ನಮ್ಮನ್ಯಾಗ ಬಂದೂಕ ಇದ್ದಿಲ್ಲ. ಬಾಗಿಲ್ದಾಗ ನಮ್ಮಪ್ಪ ಕುಂತಿದ್ದ, ಅಷ್ಟೇ" ಅಂದಳು ಆಯಿ. ಬಂದವರು ಯಾರು ಅಂತ ಕೇಳಿದೆ. "ಊರವ್ರೇ" ಅಂದು ದೀಪ ಆರಿಸಿದಳು. ಮುಂದೆ ಸುಂದರಲಾಲ್ ಸಮಿತಿಯ ವರದಿ ಓದಿದೆ. ಪೊಲೀಸ್ ಕಾರ್ಯಾಚರಣೆ ನಂತರದ ಕೊಲೆಗಳಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇವೆ. ವರದಿ ದಶಕಗಳ ಕಾಲ ಹೊರಬರಲಿಲ್ಲ. ವಿಮೋಚನಾ ದಿನದ ಭಾಷಣಗಳಲ್ಲಿ ನಾನು ಆ ನಾಲ್ಕು ರಾತ್ರಿಯನ್ನು ಕೇಳಿಲ್ಲ.

ಇನ್ನು ಇವತ್ತಿನ ಕಾನೂನು. 1959ರ ಕಾಯ್ದೆಯಲ್ಲಿ ದೋಸ್ತ ನೋಡುತ್ತಿದ್ದ ಮಾಲು ನಮ್ಮಂಥವರಿಗೆ ಸಿಗುವುದೇ ಇಲ್ಲ. ಸೈನ್ಯದ 9 ಮಿ.ಮೀ. ತೋಟಾ ಹಾರಿಸುವ ಪಿಸ್ತೂಲು, ಕಾರ್ಬೈನ್ ಸಾಮಾನ್ಯರ ಲೈಸೆನ್ಸಿನ ಹೊರಗೆ. ಸಿಗುವುದು ಪಾಯಿಂಟ್ 32 ರಿವಾಲ್ವರ್, ಪಾಯಿಂಟ್ 315 ರೈಫಲ್, 12 ಬೋರ್ ಬಂದೂಕು, ಇಂಥವು. ಒಬ್ಬರಿಗೆ ಮೂರಿದ್ದ ಮಿತಿ 2019ರಲ್ಲಿ ಎರಡಾಯಿತು. ಅರ್ಜಿ, ಪೊಲೀಸ್ ವಿಚಾರಣೆ, ಸುರಕ್ಷತೆ ತರಬೇತಿ, ಮನೆಯಲ್ಲಿ ಭದ್ರವಾಗಿಡುವ ಮುಚ್ಚಳಿಕೆ. ರೈತನಿಗೆ ಬೆಳೆ ರಕ್ಷಣೆ ಹೆಸರಲ್ಲೂ ಕೇಳಬಹುದು. ಆತ್ಮರಕ್ಷಣೆಯ ಹಕ್ಕು ನ್ಯಾಯ ಸಂಹಿತೆಯ 34ರಿಂದ 44ನೇ ಕಲಂ ತನಕ ಇದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ತೊಗರಿ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಜೈಲಿಗೆ ಹೋಗುವವನು ಅಪ್ಪ.

ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲಿ ಇಡಬೇಕಾಗುತ್ತೆ ಅಂದಾಗ ಅಪ್ಪ ಜೋರಾಗಿ ನಕ್ಕ. "ಕಳ್ಳ ಎಲೆಕ್ಷನ್ ನೋಡಿ ಬರ್ತಾನೇನೋ?" ಆಮೇಲೆ ಸ್ವಲ್ಪ ಸುಮ್ಮನಾಗಿ ಕೇಳಿದ, "ನಾ ಇಲ್ದಾಗ ನಿಮ್ಮವ್ವ ಅದನ್ನ ಹಿಡಿತಾಳೇನು?"

ಅರ್ಜಿ ಹಾಕಲಿಲ್ಲ. ಹೊಲದ ಮನೆಗೆ ಕಬ್ಬಿಣದ ಬಾಗಿಲು, ಒಂದು ಸೋಲಾರ್ ಲೈಟು ಆಯಿತು. ಪಿಂಜಾರರ ಮನೆಯ ಮೊಮ್ಮಗ ರಾಶಿಯ ದಿನಗಳಲ್ಲಿ ಅಪ್ಪನ ಜೋಡಿ ಕಣದಲ್ಲಿ ಮಲಗಲು ಬರುತ್ತಾನೆ, ಇಬ್ಬರೂ ರಾತ್ರಿ ಎಲ್ಲ ಮೊಬೈಲಿನಲ್ಲಿ ಕುಸ್ತಿ ನೋಡುತ್ತಾರೆ ಅಂತ ಅವ್ವನ ದೂರು.

ದೋಸ್ತನಿಗೆ ಎಕ್ಸೆಲ್ ಶೀಟು ಕಳಿಸಲಿಲ್ಲ. ಮೊದಲು ಬೀಗದ ಪೆಟ್ಟಿಗೆ ತಗೋ, ಮಗನ ಕೋಣೆ ಯಾವ ದಿಕ್ಕಿಗಿದೆ ನೋಡು, ಆಮೇಲೆ ಅಂಗಡಿಗೆ ಹೋಗು ಅಂತ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಪೆಟ್ಟಿಗಿ ತಗೊಂಡೀನಿ. ಉಳಿದದ್ದು ಇನ್ನಾ ನಿರ್ಧಾರ ಆಗಿಲ್ಲ."